ಎಲ್ಲರೂ ಎದ್ದು ನಿಂತಾಗ ಭೋರ್ ಎಲ್ಲಿತ್ತು?

ಪುಣೆಯಲ್ಲಿರೋ ನಾವು ವೀಕೆಂಡಿಗೆ ಭೋರ್ ಅರಮನೆ ನೋಡಿ ಬರ್ತೀವಲ್ಲ, ಅದು 1948ರ ಮಾರ್ಚ್‌ವರೆಗೂ ಪ್ರತ್ಯೇಕ ಸಂಸ್ಥಾನ.

1946ರ ಡಿಸೆಂಬರ್ 13ರಂದು ಸಂವಿಧಾನ ಸಭೆಯಲ್ಲಿ ನೆಹರೂ ಧ್ಯೇಯಗಳ ನಿರ್ಣಯ ಮಂಡಿಸಿದರು. ಮುಸ್ಲಿಂ ಲೀಗ್, ಸಂಸ್ಥಾನಗಳು ಬರೋತನಕ ತಡೆಯೋಣ ಅಂದವರು ಎಂ. ಆರ್. ಜಯಕರ್. ಸಭೆ ತಿಂಗಳಷ್ಟು ಕಾಯಿತು, ಅವರು ಬರಲಿಲ್ಲ. 1947ರ ಜನವರಿ 22ರಂದು ತಲೆ ಎಣಿಸದೆ, ಎಲ್ಲರೂ ಎದ್ದು ನಿಂತು ಒಪ್ಪಿದರು. ಭೋರ್ ಇರಲಿ, ನಮ್ಮ ಮೈಸೂರಿನ ಪ್ರತಿನಿಧಿಯೂ ಅಲ್ಲಿರಲಿಲ್ಲ.

ನಮ್ಮ ಕಾಲ್‌ಗಳಲ್ಲೂ ಅಷ್ಟೇ: "ಯಾರಿಗಾದ್ರೂ ಆಕ್ಷೇಪ ಇದೆಯಾ?" ಸದ್ದಿಲ್ಲ, ಪಾಸ್. ಸರ್ವಾನುಮತ ಅಂದ್ರೆ ಹಾಜರಿದ್ದವರ ಮತ ಮಾತ್ರ. ಹಾಗಾಗಿ ಈ ಪ್ರಶ್ನೆ ಕೇಳೋ ಮೊದಲು ಯಾರು ಬಂದಿಲ್ಲ ನೋಡಿ; ಆ ಸಭೆಯಂತೆ ಒಂಚೂರು ಕಾಯಿರಿ.