ಇಟಗಿ ಗುಡಿ ಒಳಗ ಬೆಳಕು ಎಷ್ಟು?

1/5
ಇಟಗಿ ಮಹಾದೇವ ಗುಡಿ ನೀವು ನೋಡೇ ಇರ್ತೀರಿ. ಮೊದಲು ಯಲಬುರ್ಗಾ ತಾಲೂಕು, ಈಗ ಕುಕನೂರು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನದಾಗ ಇದಕ್ಕ 'ದೇವಾಲಯ ಚಕ್ರವರ್ತಿ' ಅಂತ ಹೆಸರು. ನಿಮ್ಮ ಫೋಟೊದಾಗ ಒಳಗೆಲ್ಲ ಬೆಳ್ಳಗ ಕಾಣತೈತಲ್ಲ, ಖರೇನ ಅಲ್ಲಿ ಅಷ್ಟು ಬೆಳಕು ಐತೇನು?

2/5
ಇಲ್ಲ. ಮುಂದಿನ ಮಂಟಪ ತೆರೆದದ್ದು, ಬೆಳಕು ಸಾಕಷ್ಟು. ಅದರ ಹಿಂದಿನ ಮುಚ್ಚಿದ ಮಂಟಪಕ್ಕೆ ಹೆಚ್ಚಾಗಿ ಬಾಗಿಲುಗಳಿಂದಲೇ ಬೆಳಕು. ಗರ್ಭಗುಡಿಗೆ ಅದರಲ್ಲೂ ಉಳಿದಷ್ಟು. ಹೆಜ್ಜೆ ಹೆಜ್ಜೆಗೂ ಕತ್ತಲೆ ಏರತೈತಿ. ನುಣ್ಣಗೆ ಕಡೆದ ಕಂಬಗಳ ಮೇಲೆ ಆ ಸ್ವಲ್ಪ ಬೆಳಕೇ ಹೊಳೀತೈತಿ. ಗುಡಿಯ ಅಂದದಲ್ಲಿ ಈ ಕತ್ತಲೆಗೂ ಪಾಲು ಐತಿ.

3/5
ಬೆಳಕಿನ ಲೆಕ್ಕ ಹಳೇದು. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಇಷ್ಟು ಎಣ್ಣೆ ಅಂತ ದತ್ತಿ ಬರೆಸಿದ್ದು ಬೇಕಾದಷ್ಟು ಸಿಗತಾವ. ಇಂಗ್ಲೆಂಡಿನಲ್ಲಿ 1860ರ ಕಾಯ್ದೆ ಮೇಣದಬತ್ತಿಯನ್ನೇ ಅಳತೆಗೋಲು ಮಾಡಿತು. ಇವತ್ತಿನ ಲಕ್ಸ್‌ನ ಮೂಲವೂ ಅದೇ: ಒಂದು ಮೇಣದಬತ್ತಿಯಿಂದ 1 ಮೀಟರ್ ದೂರದಲ್ಲಿ ಬೀಳುವ ಬೆಳಕು ಸುಮಾರು 1 ಲಕ್ಸ್. ನಡುಮಧ್ಯಾಹ್ನದ ಬಿಸಿಲು 1,00,000 ಲಕ್ಸ್ ಹತ್ತಿರ.

4/5
ಈಗ ಅಳತೆಗೋಲು ನಿಮ್ಮ ಜೇಬಿನಾಗೇ ಐತಿ. ಫೋನ್ ಕ್ಯಾಮೆರಾ ಬಿಸಿಲು, ಕತ್ತಲೆ ಎರಡನ್ನೂ ಒಂದೇ ಹದಕ್ಕೆ ತರಾಕ ನೋಡತೈತಿ. ಹಂಗಾಗಿ ಫೋಟೊ ನೋಡಿ ಬೆಳಕು ಹೇಳಾಕ ಆಗಂಗಿಲ್ಲ. ಫೋಟೊದ 'ಡೀಟೇಲ್ಸ್' ತೆಗೆದು ಶಟರ್, ಐಎಸ್ಒ ನೋಡ್ರಿ.
ಒಂದು ಬಿಳಿ ಹಾಳೆ ಒಯ್ಯಿರಿ. ನೈಟ್ ಮೋಡ್, ಫ್ಲ್ಯಾಶ್ ಎರಡೂ ಬಂದ್. ಫ್ರೇಮ್ ತುಂಬ ಹಾಳೆಯೇ ಇರಲಿ, ಲೆನ್ಸ್ ಬದಲಿಸಬ್ಯಾಡ್ರಿ. ಹೊರಗ ಒಂದು ಫೋಟೊ, ಒಳಗ ಒಂದು. ಉದಾಹರಣೆಗೆ ಹೊರಗ 1/1000 ಸೆಕೆಂಡ್, ಐಎಸ್ಒ 50. ಒಳಗ 1/50 ಸೆಕೆಂಡ್, ಐಎಸ್ಒ 1000 ಬಂತು ಅನ್ರಿ. ಎರಡರಲ್ಲೂ ಹಾಳೆ ಒಂದೇ ಥರ ಕಂಡರೆ: ಶಟರ್ 20 ಪಟ್ಟು, ಐಎಸ್ಒ 20 ಪಟ್ಟು. 20 × 20 = 400. ಅಂದರೆ ಹೊರಗಿನ ಬೆಳಕಿನ 400ರಲ್ಲಿ ಒಂದು ಪಾಲು ಒಳಗೈತಿ. ನಮ್ಮ ಬಿಕಾಂ ಲೆಕ್ಕಕ್ಕಿಂತ ಸರಳ!

5/5
ಇದು ಯಾಕೆ ಬೇಕು? ಮುಂದಿನವರಿಗೆ ಇಟಗಿಯ ದಾಖಲೆ ಅಂದರೆ ನಾವು ಹಾಕಿದ ಫೋಟೊಗಳೂ ಸೇರತಾವ. ನೈಟ್ ಮೋಡ್ ಕತ್ತಲೆ ಅಳಿಸತೈತಿ. ಆ್ಯಪ್‌ಗೆ ಹಾಕಿದ ಮೇಲೆ ಶಟರ್, ಐಎಸ್ಒ ವಿವರ ನೋಡುವವರಿಗೆ ಸಿಗಂಗಿಲ್ಲ. ಆಗ 1112ರ ಗುಡಿ ಟ್ಯೂಬ್‌ಲೈಟ್ ಹಾಕಿದ ಹಾಲ್ ಥರ ಉಳೀತೈತಿ. ಮೂಲ ಫೋಟೊ ಇಟ್ಕೊಳ್ರಿ. ತಾರೀಖು, ಹೊತ್ತು, ಶಟರ್, ಐಎಸ್ಒ ಕ್ಯಾಪ್ಷನ್‌ನಾಗ ಬರೀರಿ. ಒಂದು ಸಾಲು ಸಾಕು.

#ಇಟಗಿ #ಕೊಪ್ಪಳ #ಯಲಬುರ್ಗಾ #ನಮ್ಮಇತಿಹಾಸ