ಆಸ್ಟಿಯೊಪೊರೋಸಿಸ್: ವ್ಯಾಪ್ತಿಯ ಏರಿಳಿತದ ಚರಿತ್ರೆ

ಮೂಳೆಯೊಳಗಿನ ಜಾಲರಿ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುವಂತಾಗುವ ಸ್ಥಿತಿ. ಆಡುಮಾತಿನ ‘ಮೂಳೆ ಸವೆತ’ ಮಂಡಿಯ ಕೀಲುನೋವಿಗೂ ಸಲ್ಲುವುದರಿಂದ ಇಲ್ಲಿ ಆ ಮಾತನ್ನು ಬಳಸಿಲ್ಲ.

ಹೆಸರು ಕೊಟ್ಟವರು 1830ರ ದಶಕದ ಸ್ಟ್ರಾಸ್‌ಬರ್ಗ್‌ನ ವೈದ್ಯ ಲೋಬ್‌ಸ್ಟೈನ್. 1940ರ ಸುಮಾರಿಗೆ ಬಾಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ ಈ ರೋಗಕ್ಕೂ ಮುಟ್ಟು ನಿಂತ ಮೇಲಿನ ಈಸ್ಟ್ರೋಜನ್ ಕೊರತೆಗೂ ಇರುವ ನಂಟನ್ನು ತೋರಿಸಿದರು. ಎಷ್ಟು ಜನರಿಗಿದೆ ಎಂದು ಎಣಿಸಲು ಮಾತ್ರ 1980ರ ದಶಕದ ಕೊನೆಯಲ್ಲಿ ಬಂದ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರವೂ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆದ ಗೆರೆಯೂ ಬೇಕಾದವು: ಆರೋಗ್ಯವಂತ ಯುವತಿಯರ ಸರಾಸರಿ ಮೂಳೆ ಸಾಂದ್ರತೆಗಿಂತ 2.5 ಪ್ರಮಾಣ ವಿಚಲನೆಯಷ್ಟು ಅಥವಾ ಇನ್ನೂ ಕೆಳಗಿದ್ದರೆ ರೋಗ.

ಅದಕ್ಕೂ ಹಿಂದಿನ ಕಾಲಕ್ಕೆ ಅಸ್ಥಿಪಂಜರಗಳೇ ಸಾಕ್ಷಿ. ಅವುಗಳ ಸಾಕ್ಷ್ಯವೂ ಒಂದೇ ಕಡೆ ವಾಲುವುದಿಲ್ಲ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ನೆಲಮಾಳಿಗೆಯಲ್ಲಿ 1729ರಿಂದ 1852ರವರೆಗೆ ಹೂಳಿದ್ದ ಹೆಂಗಸರ ತೊಡೆಮೂಳೆಗಳನ್ನು ಅಳೆದವರು, ಇಂದಿನ ಹೆಂಗಸರಲ್ಲಿ ಮೂಳೆ ಹೆಚ್ಚು ವೇಗವಾಗಿ ಕರಗುತ್ತಿದೆ ಎಂದು 1993ರಲ್ಲಿ ವರದಿ ಮಾಡಿದರು. ಮೈಮುರಿಯುವ ದುಡಿಮೆ ಹೋದದ್ದೇ ಕಾರಣ ಎಂಬ ಮಾತು ಇದರಿಂದ ಬಲಗೊಂಡಿತು. ಆದರೆ ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬ ಮಧ್ಯಯುಗದ ಹಳ್ಳಿಯ ಮೂಳೆಗಳನ್ನು ಸೈಮನ್ ಮೇಸ್ ಪರೀಕ್ಷಿಸಿದಾಗ, ಹೊಲದಲ್ಲಿ ದುಡಿದ ಆ ಹೆಂಗಸರಲ್ಲೂ ಇಂದಿನಷ್ಟೇ ನಷ್ಟ ಕಂಡಿತು. ‘ಹಿಂದಿನವರ ಮೂಳೆ ಗಟ್ಟಿ’ ಎಂಬ ನಂಬಿಕೆಯನ್ನು ಹಾಗಾಗಿ ಸಾರಾಸಗಟಾಗಿ ಒಪ್ಪಲಾಗದು.

ಗೊಂದಲ ಹೆಚ್ಚಿರುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯ ಅಂಕಿಗಳನ್ನು ಓದುವಲ್ಲಿ. ತೊಡೆಮೂಳೆಯ ಕತ್ತಿನ ಅಳತೆಯಂತೆ 1988–94ಕ್ಕೆ ಹೋಲಿಸಿದರೆ 2005–06ರಲ್ಲಿ ರೋಗ ಇಳಿದಿತ್ತು. ಆಗ ರೋಗವಿದ್ದದ್ದು 50 ದಾಟಿದ ಹೆಂಗಸರಲ್ಲಿ ಸುಮಾರು 10%, ಗಂಡಸರಲ್ಲಿ 2%. ನಡುವೆ ಯಂತ್ರದ ಮಾದರಿಯೂ ಬದಲಾಗಿತ್ತೆಂಬುದನ್ನು ಮರೆಯಬಾರದು. ಮುಂದಿನ ವರದಿ ತೊಡೆಮೂಳೆಯ ಕತ್ತು ಅಥವಾ ಬೆನ್ನುಮೂಳೆ, ಎರಡರಲ್ಲೊಂದು ಕಡಿಮೆಯಿದ್ದರೂ ಲೆಕ್ಕಕ್ಕೆ ಸೇರಿಸಿತು. ಅದರ ಪ್ರಕಾರ ಹೆಂಗಸರಲ್ಲಿ 2007–08ರ 14% ಪ್ರಮಾಣ 2017–18ಕ್ಕೆ 19.6% ಆಯಿತು, ಗಂಡಸರಲ್ಲಿ ಗಣನೀಯ ಬದಲಾವಣೆಯಿಲ್ಲ. 10%ದಿಂದ 19.6%ಕ್ಕೆ ನೇರ ಗೆರೆ ಎಳೆದು ‘ದುಪ್ಪಟ್ಟಾಯಿತು’ ಎಂದರೆ ತಪ್ಪು, ಅಳೆದ ಜಾಗವೇ ಬೇರೆ. 14%ದಿಂದಾದ ಏರಿಕೆ ಮಾತ್ರ ನಿಜವಾದದ್ದು, ಚಿಂತೆಗೀಡುಮಾಡುವಂಥದ್ದು.

ಸೊಂಟದ ಮೂಳೆ ಮುರಿತದ ದಾಖಲೆ ಇನ್ನಷ್ಟು ಹಿಂದಕ್ಕೆ ಒಯ್ಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 1970ರಿಂದ 2010ರವರೆಗೆ ವಯಸ್ಸಿಗೆ ಹೊಂದಿಸಿದ ಮುರಿತದ ದರ ವರ್ಷಕ್ಕೆ 4.4%ರಂತೆ ಇಳಿಯಿತು. ಈ ರೋಗಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಗೆ ಅಲ್ಲಿ ಅನುಮತಿ ಸಿಕ್ಕಿದ್ದೇ 1995ರಲ್ಲಿ. ಹಾಗಾಗಿ ಇಳಿಕೆಯ ಶ್ರೇಯವೆಲ್ಲ ಔಷಧಿಗೆ ಸಲ್ಲದು. ಧೂಮಪಾನವೂ ಅತಿಯಾದ ಕುಡಿತವೂ ತಗ್ಗಿದ್ದರತ್ತ ಸಂಶೋಧಕರು ಬೊಟ್ಟು ಮಾಡಿದ್ದಾರೆ. ಇಂಥ ಮಾತ್ರೆ ನುಂಗುವವರಲ್ಲಿ ತೊಡೆಮೂಳೆಯ ಅಪರೂಪದ ಮುರಿತ ಕಂಡ ಸುದ್ದಿ ಹಬ್ಬಿ 2008ರ ನಂತರ ಅವುಗಳ ಬಳಕೆ ಅರ್ಧಕ್ಕೂ ಕೆಳಗಿಳಿಯಿತು. 2012ರ ಬಳಿಕ ಅಮೆರಿಕದ ವೃದ್ಧೆಯರಲ್ಲಿ ಸೊಂಟದ ಮುರಿತದ ಇಳಿಕೆಯೂ ನಿಂತಿತು.