ಲಕ್ಕಿ ಎಲಿಗೆ ಸಾಕ್ಷಿ ಯಾರು?

ನಮ್ಮ ನವಲಗುಂದ ಕಡೆ ಬಾಣಂತಿಗೆ ಎರಿಯೋ ನೀರಾಗ ಲಕ್ಕಿ ಎಲಿ ಬೇಕ ಬೇಕು ಅಂತಿದ್ರು ಹಿರ್ಯಾರು. ಹಳ್ಳದ ದಂಡ್ಯಾಗ ಬೆಳಿಯೋ ಈ ಗಿಡದ ಎಲಿ ಬಿಸಿ ಮಾಡಿ ಮೊಣಕಾಲಿಗೆ, ಸೊಂಟಕ್ಕ ಕಟ್ಟತಿದ್ರು. "ನೋವು ಎಳಕೊಳ್ತದ" ಅನ್ನೋರು. ಖರೇನ ಎಳಕೊಳ್ತದೇನ್ರಿ? ಇದನ್ನ ಪರೀಕ್ಷೆ ಮಾಡಿ ನೋಡೋ ಪದ್ಧತಿ ಬೆಳದು ಬಂದದ್ದ ಒಂದು ದೊಡ್ಡ ಕಥಿ.

ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಅನ್ನೋ ಪಾದ್ರಿ ವಿಲೋ ಗಿಡದ ತೊಗಟಿ ಒಣಗಿಸಿ, ಪುಡಿ ಮಾಡಿ, ಸುಮಾರು 50 ಮಂದಿ ಚಳಿಜ್ವರದವರಿಗೆ ಕೊಟ್ಟ. ಗುಣ ಕಂಡದ್ದನ್ನ 1763ರಾಗ ಲಂಡನ್ನಿನ ರಾಯಲ್ ಸೊಸೈಟಿಗೆ ಬರದು ತಿಳಿಸಿದ. 1828ರಾಗ ಜರ್ಮನಿಯ ಬುಕ್ನರ್ ಆ ತೊಗಟಿಯೊಳಗಿನ ಸ್ಯಾಲಿಸಿನ್ ಅನ್ನೋ ಕಹಿ ಅಂಶ ಬ್ಯಾರೆ ಮಾಡಿದ. ಅದ ಜಾಡು ಹಿಡಕೊಂಡು 1897ರಾಗ ಬಾಯರ್ ಕಂಪನಿಯೊಳಗ ಆಸ್ಪಿರಿನ್ ತಯಾರಾತು. ತಲಿನೋವಿಗೆ ನುಂಗೋ ಆ ಗುಳಿಗಿಯ ಮೂಲಾನೂ ಒಂದು ಗಿಡಾನ.

ಆದ್ರ ನೋವು ತೂಗಾಕ ತಕ್ಕಡಿ ಎಲ್ಲದ? ಅದಕ್ಕ 1944ರಾಗ ವುಲ್ಫ್ ಮತ್ತ ಮ್ಯಾಕ್‌ಡೊನಾಲ್ಡ್ ಅನ್ನೋರು ಬಿಸಿ ತಗಡಿನ ಪರೀಕ್ಷೆ ಹುಡಕಿದ್ರು. ಈಗ ಸಾಮಾನ್ಯವಾಗಿ 55 ಡಿಗ್ರಿ ಕಾದ ತಗಡಿನ ಮ್ಯಾಲ ಇಲಿ ಬಿಡತಾರ. ಅದು ಎಷ್ಟು ಸೆಕೆಂಡಿಗೆ ಕಾಲು ನೆಕ್ಕತದ, ಜಿಗೀತದ ಅಂತ ಎಣಸತಾರ. ಸುಟ್ಟು ಗಾಯ ಆಗಬಾರದಂತ ಲಗೂನ ಎತ್ತಿ ಬಿಡತಾರ. ಔಷಧ ಕೊಟ್ಟ ಇಲಿ ಕಾಲು ನೆಕ್ಕಾಕ ತಡಾ ಮಾಡಿದ್ರ ನೋವು ಕಡಿಮಿ ಆಗೇದ ಅಂತ ಲೆಕ್ಕ.

ಇದರಾಗ ನನಗ ಹಿಡಿಸಿದ ಮಾತು ಅಂದ್ರ ಹೋಲಿಕಿ. ಒಂದು ಗುಂಪಿಗೆ ಗಿಡದ ಸಾರ, ಒಂದಕ್ಕ ಬರೇ ನೀರು, ಇನ್ನೊಂದಕ್ಕ ಗೊತ್ತಿದ್ದ ಔಷಧ. ನಮ್ಮ ಸೊಂಟನೋವು ನಾಕ ದಿನಕ್ಕ ತಾನಾಗೇ ಹೋದ್ರೂ ಹೆಸರು ಎಲಿಗೇ ಬರತಿತ್ತು. ಬರೇ ನೀರಿನ ಗುಂಪು ಆ ಗೊಂದಲ ಬಿಡಸತದ.

ನಮ್ಮ ಲಕ್ಕೀನೂ ಈ ಪರೀಕ್ಷೆಗೆ ಕೂತೇದ! 2003ರಾಗ ಶ್ರೀಲಂಕಾದ ವಿಜ್ಞಾನಿಗಳು ಬಲಿತ ಹಸಿ ಎಲಿಯ ಸಾರ ಇಲಿಗಳಿಗೆ ಕೊಟ್ಟು, ಬಾವೂ ನೋವೂ ಕಡಿಮಿ ಆದದ್ದನ್ನ ಬರದಾರ. ಅಂದ್ರ ಹಿರ್ಯಾರ ಮಾತು ಬರೇ ಮಾತಲ್ಲ.

ಹಂಗಂತ ಇಲಿಗೆ ಆದದ್ದು ಮನಶ್ಯಾರಿಗೆ ಆಗೇ ಆಗತದ ಅಂತಲ್ಲ. ಎಷ್ಟು ಕುಡೀಬೇಕು, ಎಷ್ಟು ದಿನ, ಎದಿಹಾಲು ಕುಡಿಯೋ ಕೂಸಿಗೆ ಏನಾಗತದ, ಇದನ್ನ ಇಲಿ ಹೇಳಂಗಿಲ್ಲ. ಮ್ಯಾಲ ಕಟ್ಟೋದು ಬ್ಯಾರೆ, ಕಷಾಯ ಮಾಡಿ ಕುಡಿಯೋದು ಬ್ಯಾರೆ. ಸಂತ್ಯಾಗ ಮಾರೋ ಹೆಸರಿಲ್ಲದ ಪುಡಿಯಂತೂ ಬ್ಯಾಡ್ರೆವಾ. ಗಿಡಮೂಲಿಕಿ ಅಂತ ಮಾರಿದ್ದರಾಗ ಸ್ಟೀರಾಯ್ಡ್ ಬೆರಸಿದ್ದು ಎಷ್ಟೋ ಕಡೆ ಸಿಕ್ಕೇದ. ಲಕ್ಕಿ ಎಲಿ ಕಾವು ಧಾರಾಳ ಕೊಟ್ಕೋರಿ, ಹದಾ ನೋಡಿ, ಚರ್ಮ ಸುಡದಂಗ. ಬಾವು ಇಳೀಲಿಲ್ಲ, ಜ್ವರಾನೂ ಬಂತು ಅಂದ್ರ ಮಾತ್ರ ಎಲಿ ನಂಬಕೊಂಡು ಕೂಡಬ್ಯಾಡ್ರಿ, ಡಾಕ್ಟರ ಕಡೆ ನಡೀರಿ.